ಲಂಬ ಗುಹೆಗೆ ಹಗ್ಗದಲ್ಲಿ ಇಳಿಯುವವರಿಗೆ: ಬಾಬಿನ್ನೋ ರ‍್ಯಾಕೋ, ಫ್ರಾಗೋ ರೋಪ್‌ವಾಕರೋ?

ಲಂಬ ಗುಹೆಗಳ ಗೀಳು ಹತ್ತಿದವರು ಮೊದಲ ತರಬೇತಿ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಳಿಯಲು ಬಾಬಿನ್ ಕೊಳ್ಳಲೋ ರ‍್ಯಾಕ್ ಕೊಳ್ಳಲೋ? ಹತ್ತಲು ಫ್ರಾಗ್ ಕಲಿಯಲೋ ರೋಪ್‌ವಾಕರ್ ಕಲಿಯಲೋ? 9 ಮಿ.ಮೀ. ಹಗ್ಗ ಸಾಕೋ, 11 ಮಿ.ಮೀ. ಬೇಕೋ? ಒಬ್ಬೊಬ್ಬರದೂ ಒಂದೊಂದು ಉತ್ತರ. ಎಲ್ಲರೂ ತಾವು ಬಳಸುವುದೇ ಸರಿ ಎನ್ನುತ್ತಾರೆ, ಮತ್ತು ಅವರವರು ಇಳಿಯುವ ಗುಹೆಗಳ ಮಟ್ಟಿಗೆ ಅದು ನಿಜವೂ ಹೌದು. ಗೊಂದಲ ಹುಟ್ಟುವುದೇ ಅಲ್ಲಿ.

ಈ ಮೂರೂ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದು ಒಂದಿದೆ: ನೀವು ಹೋಗುವ ಗುಹೆಗಳಲ್ಲಿ ಹಗ್ಗವನ್ನು ಹೇಗೆ ಕಟ್ಟುತ್ತಾರೆ? ಅದು ಗೊತ್ತಾದರೆ ಉಳಿದವು ಬಹುಪಾಲು ತಾವಾಗಿಯೇ ಇತ್ಯರ್ಥವಾಗುತ್ತವೆ. ಅಂಗಡಿಯಲ್ಲಿ ಸಾಧನ ಹಿಡಿದು ನೋಡಿ ಆರಿಸುವವರು ಈ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ, ಆ ಹೊತ್ತಿಗೆ ದುಡ್ಡು ಖರ್ಚಾಗಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಹಗ್ಗದ ಕೆಲಸ ಕಲಿಯಲಾಗದು. ಕಲಿಸುವವರ ಕೈಕೆಳಗೆ ಕಲಿಯುತ್ತಿರುವವರು, ಈಗಷ್ಟೇ ಕಲಿತವರು ಸ್ವಂತ ಸಾಮಾನು ಆರಿಸಿಕೊಳ್ಳಲಿ ಎಂಬಷ್ಟಕ್ಕೇ ಈ ಬರಹ.

ಯಾವುದನ್ನು ನೋಡಿ ಅಳೆಯಬೇಕು

ಹಗ್ಗ ಕಟ್ಟುವ ಪದ್ಧತಿಯ ನಂತರ ನೋಡಬೇಕಾದದ್ದು ಇಳಿಜಿಗಿತಗಳ, ಅಂದರೆ ಹಗ್ಗದಲ್ಲಿ ಇಳಿಯಬೇಕಾದ ಕಡಿದಾದ ಆಳಗಳ, ಸ್ವರೂಪ. ಒಂದೇ ಉದ್ದನೆಯ ಜಿಗಿತವೋ, ನಡುನಡುವೆ ತೆವಳುದಾರಿಗಳಿರುವ ಸಣ್ಣಸಣ್ಣ ಇಪ್ಪತ್ತು ಜಿಗಿತಗಳೋ? ಮೂರನೆಯದು ಹೊರೆ. ಎಲ್ಲವನ್ನೂ ನೀವೇ ಹೊತ್ತು ಕಿರಿದಾದ ಸಂದಿಗಳಲ್ಲಿ ನುಸುಳಬೇಕಿದ್ದರೆ ಪ್ರತಿ ನೂರು ಗ್ರಾಂಗೂ ಬೆಲೆಯಿದೆ. ವಾಹನ ನಿಲ್ಲಿಸಿದ ಜಾಗದಿಂದ ಹತ್ತು ನಿಮಿಷಕ್ಕೆ ಗುಹೆಯ ಬಾಯಿ ಸಿಗುವುದಾದರೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನಾಲ್ಕನೆಯದು ಕೆಸರು ಮತ್ತು ನೀರು. ಶುಭ್ರವಾದ ಒಣ ಹಗ್ಗದ ಮೇಲೆ ಸೊಗಸಾಗಿ ಕೆಲಸ ಮಾಡುವ ಸಾಧನ, ಜೇಡಿಮಣ್ಣು ಮೆತ್ತಿದ ಹಗ್ಗದ ಮೇಲೆ ಜಾರಬಹುದು ಇಲ್ಲವೇ ಕಚ್ಚಿಕೊಳ್ಳಬಹುದು. ಐದನೆಯದನ್ನು ಎಲ್ಲರೂ ಮರೆಯುತ್ತಾರೆ: ನಿಮ್ಮ ಜೊತೆಗಾರರು ಏನು ಬಳಸುತ್ತಾರೆ. ಹಗ್ಗದ ನಡುವೆ ನೀವು ಸಿಕ್ಕಿಬಿದ್ದರೆ ಬಿಡಿಸಲು ಬರುವವರು ಅವರೇ. ನಿಮ್ಮ ಸಾಧನ ಹೇಗೆ ಬಿಚ್ಚುತ್ತದೆಂದು ಅವರಿಗೆ ಗೊತ್ತಿರಬೇಕು.

ಬೆಲೆ ಕೊನೆಯದು. ಅಲ್ಲೂ ಕೊಳ್ಳುವಾಗಿನ ಬೆಲೆಗಿಂತ ಸವೆತದ ಲೆಕ್ಕ ದೊಡ್ಡದು. ಲೋಹದ ಸಾಧನ ವರ್ಷಗಟ್ಟಲೆ ಬಾಳುತ್ತದೆ. ಹಗ್ಗ, ಹಾರ್ನೆಸ್ (ಸೊಂಟ ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ), ಕೌಸ್‌ಟೇಲ್ (ಹಾರ್ನೆಸ್ಸಿನಿಂದ ಬೋಲ್ಟಿಗೋ ಹಗ್ಗಕ್ಕೋ ಕೊಂಡಿ ಹಾಕಿಕೊಳ್ಳುವ ಗಿಡ್ಡ ಹಗ್ಗ) ಇವೆಲ್ಲ ಕಾಲಕಾಲಕ್ಕೆ ಹೊಸದಾಗಿ ಬರಲೇಬೇಕು.

ಹಗ್ಗ ಕಟ್ಟುವ ಎರಡು ಪದ್ಧತಿ

ಮೊದಲನೆಯದರಲ್ಲಿ ದಪ್ಪ ಹಗ್ಗವನ್ನು ಮೇಲೆ ಮರಕ್ಕೋ ಬಂಡೆಗೋ ಬೋಲ್ಟಿಗೋ ಕಟ್ಟಿ, ತಳದವರೆಗೂ ಒಂದೇ ಎಳೆಯಾಗಿ ಇಳಿಬಿಡುತ್ತಾರೆ. ಬಂಡೆಯ ಅಂಚಿಗೆ ತಾಗುವಲ್ಲಿ ಪ್ಯಾಡ್ ಹಾಸುತ್ತಾರೆ. ಅಮೆರಿಕದಲ್ಲಿ ಟೆನೆಸೀ, ಅಲಬಾಮ, ಜಾರ್ಜಿಯಾ ರಾಜ್ಯಗಳು ಸೇರುವ ಸುಣ್ಣಕಲ್ಲಿನ ಸೀಮೆಯಲ್ಲಿ ಈ ಪದ್ಧತಿ ಬೇರೂರಿದೆ. ಅಲ್ಲಿನ ಎಲಿಸನ್ಸ್ ಗುಹೆಯ ಫ್ಯಾಂಟಾಸ್ಟಿಕ್ ಪಿಟ್ ಸುಮಾರು 179 ಮೀಟರ್ ಆಳ. ಮೆಕ್ಸಿಕೋದ ಸೋತಾನೊ ದೆ ಲಾಸ್ ಗೊಲೊಂದ್ರಿನಾಸ್‌ನಲ್ಲಿ ಬಾಯಿಯ ತಗ್ಗಿನ ಅಂಚಿನಿಂದ ತಳಕ್ಕೆ 333 ಮೀಟರ್, ಗೋಡೆಯೇ ಕೈಗೆ ಸಿಗದ ನೇರ ಇಳಿತ. ಇಂಥ ಕಡೆ ಒಂದೇ ಎಳೆಯ ಹಗ್ಗ ಸರಳ, ಚೊಕ್ಕ. ಕಟ್ಟುವುದು ಬೇಗ, ದಾಟಬೇಕಾದ ಗಂಟುಗಳಿಲ್ಲ.

ಇದರ ಬೆಲೆ ತೆರಬೇಕಾದದ್ದು ಎರಡು ಕಡೆ. ಹಗ್ಗ ಒಂದೇ ಆದ್ದರಿಂದ ಸಾಮಾನ್ಯವಾಗಿ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಇನ್ನೊಂದು, ಹತ್ತುವವರ ತೂಕಕ್ಕೆ ಹಗ್ಗ ಮೇಲೆ ಕೆಳಗೆ ಹಿಗ್ಗಿ ಕುಗ್ಗುತ್ತ ಬಂಡೆಗೆ ಉಜ್ಜುತ್ತದೆ. ಪ್ಯಾಡ್ ಸರಿದರೆ ಆ ಉಜ್ಜು ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತದೆ. ಹಾಗಾಗಿಯೇ ಇಲ್ಲಿ ದಪ್ಪ ಹೊರಪದರದ 11 ಮಿ.ಮೀ. ಹಗ್ಗ ಬೇಕಾಗುವುದು.

ಎರಡನೆಯದು ಯುರೋಪಿನಲ್ಲಿ ಬೆಳೆದ ಆಲ್ಪೈನ್ ಪದ್ಧತಿ. ಹಗ್ಗ ಬಂಡೆಗೆ ತಾಗಲೇಬಾರದು ಎಂಬುದು ಇದರ ಮೂಲಸೂತ್ರ. ತಾಗುವ ಜಾಗ ಬಂದಲ್ಲೆಲ್ಲ ಹೊಸ ಬೋಲ್ಟ್ ಹೊಡೆದು ಹಗ್ಗವನ್ನು ಮತ್ತೆ ಕಟ್ಟುತ್ತಾರೆ, ಇದು ರಿಬಿಲೇ. ಅಥವಾ ಒಂದು ದಾರದ ಕುಣಿಕೆಯಿಂದ ಹಗ್ಗವನ್ನು ಪಕ್ಕಕ್ಕೆ ಎಳೆದು ಹಿಡಿಯುತ್ತಾರೆ, ಇದು ಡೀವಿಯೇಶನ್. ಉಜ್ಜು ಇಲ್ಲದ್ದರಿಂದ ತೆಳು ಹಗ್ಗ ನಡೆಯುತ್ತದೆ. ಜಲಪಾತವಿದ್ದರೆ ಹಗ್ಗವನ್ನು ನೀರಿನಿಂದ ಆಚೆ ಸರಿಸಬಹುದು. ತಣ್ಣೀರಿನಲ್ಲಿ ತೂಗಾಡುತ್ತ ನಿಲ್ಲುವುದೆಂದರೆ ಮೈ ಸೆಟೆದು ಸಾಯುವ ದಾರಿ, ಆದ್ದರಿಂದ ಇದು ಬರೀ ಅನುಕೂಲದ ಮಾತಲ್ಲ. ಪ್ರತಿ ರಿಬಿಲೇ ನಡುವಿನ ತುಂಡಿನಲ್ಲಿ ಒಬ್ಬೊಬ್ಬರು ಇರಬಹುದಾದ್ದರಿಂದ ಇಡೀ ತಂಡ ಏಕಕಾಲಕ್ಕೆ ಏರುತ್ತಿರುತ್ತದೆ. ಅಬ್ಖಾಜಿಯಾದ ವೆರ್‍ಯೋವ್ಕಿನಾ ಗುಹೆಯ ಆಳ 2,200 ಮೀಟರಿಗೂ ಹೆಚ್ಚು. ಅಂಥಲ್ಲಿಗೆ ದಪ್ಪ ಹಗ್ಗ ಹೊತ್ತು ಹೋಗುವುದು ಯೋಚನೆಗೂ ನಿಲುಕದ್ದು.

ಆದರೆ ಆಲ್ಪೈನ್ ಪದ್ಧತಿಯಲ್ಲಿ ಎಲ್ಲವೂ ಕಟ್ಟಿದವರ ಕೈಚಳಕದ ಮೇಲೆ ನಿಂತಿದೆ. ತೆಳು ಹಗ್ಗ ಒಂದೇ ಒಂದು ಕಡೆ ಚೂಪುಕಲ್ಲಿಗೆ ಉಜ್ಜಿದರೂ ಕೆಲವೇ ಜನರ ಏರಿಳಿತದಲ್ಲಿ ಹೊರಪದರ ಹರಿಯಬಹುದು. ರಿಬಿಲೇಯ ಕುಣಿಕೆ ತೀರ ಬಿಗಿಯಾದರೆ ದಾಟಲಾಗದು, ತೀರ ಸಡಿಲವಾದರೆ ಬೋಲ್ಟ್ ಕಿತ್ತಾಗ ಬೀಳುವ ದೂರ ಹೆಚ್ಚು. ಇಳಿಯುವವರೂ ಪ್ರತಿ ರಿಬಿಲೇಯಲ್ಲಿ ತಮ್ಮನ್ನು ಕೊಂಡಿ ಹಾಕಿಕೊಂಡು, ಸಾಧನ ಬಿಚ್ಚಿ, ಕೆಳಗಿನ ಹಗ್ಗಕ್ಕೆ ಮತ್ತೆ ಹಾಕಬೇಕು. ಅಭ್ಯಾಸವಿಲ್ಲದವರು ಒಂದೊಂದು ರಿಬಿಲೇಗೂ ಬೆವರಿಳಿಸುತ್ತಾರೆ.

ಇಳಿಯುವ ಸಾಧನ

ಇಂಗ್ಲಿಷಿನ ಎಂಟರ ಆಕಾರದ ಲೋಹದ ಸಾಧನವಾದ ಫಿಗರ್ ಎಯ್ಟ್ ಅಗ್ಗ, ಎಲ್ಲರಿಗೂ ಪರಿಚಿತ. ಗುಹೆಗೆ ಬೇಡ. ಹಗ್ಗವನ್ನು ತಿರುಚುತ್ತದೆ, ಸಾಧಾರಣ ಮಾದರಿಯಲ್ಲಿ ಹಗ್ಗ ಹಾಕಲು ತೆಗೆಯಲು ಹಾರ್ನೆಸ್ಸಿನಿಂದ ಕಳಚಬೇಕಾದ್ದರಿಂದ ಕೈತಪ್ಪಿ ಬೀಳುವ ಸಂಭವವೂ ಹೆಚ್ಚು. ಕೆಳಗೆ ಬಿದ್ದ ಎಯ್ಟ್ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಆಮೇಲಿನ ಮಾತು. ಮೊದಲ ಪ್ರಶ್ನೆ, ನೀವೀಗ ಹೇಗೆ ಇಳಿಯುತ್ತೀರಿ?

ಉಳಿದದ್ದು ಬಾಬಿನ್ ಮತ್ತು ರ‍್ಯಾಕ್.

ಬಾಬಿನ್ ಎಂದರೆ ಎರಡು ಗಾಲಿಗಳ ನಡುವೆ ಹಗ್ಗ ಎಸ್ ಆಕಾರದಲ್ಲಿ ಹಾಯುವ ಚಿಕ್ಕ ಸಾಧನ. ಗಾಲಿಗಳು ತಿರುಗುವುದಿಲ್ಲ, ಘರ್ಷಣೆಯೇ ತಡೆ. ಹಾರ್ನೆಸ್ಸಿಗೆ ಸಿಕ್ಕಿಸಿದಂತೆಯೇ ಪಕ್ಕದ ತಟ್ಟೆ ತೆರೆದು ಹಗ್ಗ ಹಾಕಬಹುದು, ತೆಗೆಯಬಹುದು. ರಿಬಿಲೇ ಮೇಲೆ ರಿಬಿಲೇ ಬರುವ ಗುಹೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಇದರಲ್ಲೇ ಎರಡು ಜಾತಿ. ಪೆಟ್ಜಲ್ ಕಂಪನಿಯ ಸಿಂಪಲ್‌ನಂಥ ಸಾದಾ ಬಾಬಿನ್ನಿನಲ್ಲಿ ನಿಮ್ಮ ಕೈ ಬಿಟ್ಟರೆ ಹಗ್ಗವೂ ಬಿಟ್ಟಂತೆ. ಅದೇ ಕಂಪನಿಯ ಸ್ಟಾಪ್‌ನಂಥದ್ದರಲ್ಲಿ ಹಿಡಿಕೆಯೊಂದಿದೆ. ಒತ್ತಿದರೆ ಇಳಿತ, ಬಿಟ್ಟರೆ ನಿಲುಗಡೆ.

ಹೊಸಬರಿಗೆ ತಾನಾಗಿ ನಿಲ್ಲುವುದೇ ಕ್ಷೇಮ ಎಂದು ಥಟ್ಟನೆ ಅನಿಸುತ್ತದೆ. ನಾನೂ ಹೊಸಬರಿಗೆ ಅದನ್ನೇ ಸೂಚಿಸುತ್ತೇನೆ, ಆದರೆ ಅದರ ಒಂದು ಕೆಟ್ಟ ಗುಣ ತಿಳಿದಿರಲಿ. ಹೆದರಿದ ಮನುಷ್ಯ ಕೈಯಲ್ಲಿದ್ದುದನ್ನು ಬಿಡುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾನೆ. ಹಿಡಿಕೆ ಗಟ್ಟಿಯಾಗಿ ಹಿಡಿದಷ್ಟೂ ಸಾಧನ ಜಾರುತ್ತ ಹೋಗುತ್ತದೆ. ವೇಗವನ್ನು ಹಿಡಿಕೆಯಿಂದ ನಿಯಂತ್ರಿಸುವ ಚಟ ಹತ್ತಿದವರಿಗೆ ಇದು ಇನ್ನೂ ಅಪಾಯ. ವೇಗದ ಅಂಕೆ ಯಾವಾಗಲೂ ಸಾಧನದ ಕೆಳಗಿನ ಹಗ್ಗ ಹಿಡಿದ ಕೈಯಲ್ಲಿ. ಹಿಡಿಕೆಯದು ತೆರೆಯುವ ಮುಚ್ಚುವ ಕೆಲಸ ಮಾತ್ರ. ಗಾಲಿ ಸವೆದಿದ್ದರೆ, ಹಗ್ಗ ತೆಳುವಾಗಿ ಕೆಸರಾಗಿದ್ದರೆ ಹಿಡಿಕೆ ಬಿಟ್ಟ ಮೇಲೂ ನಿಧಾನಕ್ಕೆ ತೆವಳುವುದುಂಟು. ಆದ್ದರಿಂದ ಕೈ ಬಿಟ್ಟು ಏನಾದರೂ ಮಾಡಬೇಕಿದ್ದರೆ ಹಗ್ಗ ಸುತ್ತಿ ಲಾಕ್ ಮಾಡಲೇಬೇಕು. ಸಾದಾ ಬಾಬಿನ್ ಹಗುರ, ಅಗ್ಗ, ನಯವಾಗಿ ಇಳಿಯುತ್ತದೆ. ಅನುಭವಿಗಳಲ್ಲಿ ಎಷ್ಟೋ ಜನ ಕೊನೆಗೆ ಅದಕ್ಕೇ ಬರುತ್ತಾರೆ. ಮೊದಲ ದಿನವೇ ಅದನ್ನು ಕೊಳ್ಳುವ ಅವಸರ ಬೇಡ. ಯಾವುದೇ ಬಾಬಿನ್ ಆದರೂ ಹಗ್ಗವನ್ನು ಹೆಚ್ಚುವರಿ ಬ್ರೇಕ್ ಕ್ಯಾರಬೀನರ್ (ತಡೆಗೆಂದು ಹಾಕುವ ಲೋಹದ ಕೊಂಡಿ) ಮೂಲಕ ಹಾಯಿಸಬೇಕು. ಕೆಸರು ಗುಹೆಗಳಿಗೆ ಹೋಗುವವರು ಸ್ಟೀಲ್ ಗಾಲಿಯದನ್ನು ಕೊಳ್ಳಿ. ಮರಳು ಮೆತ್ತಿದ ಹಗ್ಗ ಅಲ್ಯೂಮಿನಿಯಂ ಗಾಲಿಯನ್ನು ಅರದಂತೆ ತಿನ್ನುತ್ತದೆ.

ರ‍್ಯಾಕ್ ಉದ್ದನೆಯ ಯು ಆಕಾರದ ಕಂಬಿ. ಅದಕ್ಕೆ ಅಡ್ಡಡ್ಡ ಐದಾರು ಬಾರ್‌ಗಳು, ಹಗ್ಗ ಅವುಗಳ ಮೇಲೆ ಕೆಳಗೆ ಹಾದುಹೋಗುತ್ತದೆ. 1966ರಲ್ಲಿ ಅಮೆರಿಕದ ಜಾನ್ ಕೋಲ್ ರೂಪಿಸಿದ್ದು. ಇದರ ಗುಟ್ಟು ತಿಳಿಯಬೇಕಿದ್ದರೆ ಉದ್ದನೆಯ ಜಿಗಿತದ ಲೆಕ್ಕ ನೋಡಬೇಕು. 11 ಮಿ.ಮೀ. ಹಗ್ಗ ಮೀಟರಿಗೆ ಸುಮಾರು 75–80 ಗ್ರಾಂ ತೂಗುತ್ತದೆ. 300 ಮೀಟರಿನ ಜಿಗಿತದ ಮೇಲ್ತುದಿಯಲ್ಲಿ ನೀವು ನಿಂತಾಗ ನಿಮ್ಮ ಸಾಧನದ ಕೆಳಗೆ ಇಪ್ಪತ್ತು ಕಿಲೋಗೂ ಹೆಚ್ಚು ಹಗ್ಗ ನೇತಾಡುತ್ತಿರುತ್ತದೆ. ಯಾರೋ ಕೆಳಗಿನಿಂದ ಜಗ್ಗಿ ಹಿಡಿದಂತೆಯೇ ಅದು. ಬಾಬಿನ್ನಿನಲ್ಲಿ ಒಂದಡಿ ಇಳಿಯಲೂ ಹಗ್ಗವನ್ನು ಕೈಯಿಂದ ಎತ್ತಿ ತುರುಕಬೇಕಾಗುತ್ತದೆ. ಇಳಿಯುತ್ತ ಹೋದಂತೆ ಆ ತೂಕ ಕರಗಿ, ತಳ ಹತ್ತಿರವಾದಾಗ ತಡೆಯೇ ಸಾಲದಾಗುತ್ತದೆ. ರ‍್ಯಾಕಿನಲ್ಲಾದರೆ ನಾಲ್ಕು ಬಾರ್‌ನಿಂದ ಶುರು ಮಾಡಿ, ಹಗ್ಗದ ಮೇಲೆ ನೇತಾಡುತ್ತಿದ್ದಂತೆಯೇ ಐದನೆಯದು, ಆರನೆಯದು ಸೇರಿಸಿಕೊಳ್ಳಬಹುದು. ಬಾರ್‌ಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡಿಯೂ ವೇಗ ಹದಗೊಳಿಸಬಹುದು. ಬಿಸಿಯೂ ಹೆಚ್ಚು ಲೋಹಕ್ಕೆ ಹರಡಿಕೊಳ್ಳುತ್ತದೆ, ಹಗ್ಗ ತಿರುಚುವುದಿಲ್ಲ.

ಅದೇ ರ‍್ಯಾಕನ್ನು ರಿಬಿಲೇಗಳ ಗುಹೆಗೆ ತೆಗೆದುಕೊಂಡು ಹೋಗಿ ನೋಡಿ. ಉದ್ದನೆಯ ಸಾಧನವಾದ್ದರಿಂದ ಕುಣಿಕೆಯಲ್ಲಿ ಹೆಚ್ಚು ಸಡಿಲ ಹಗ್ಗ ಬೇಡುತ್ತದೆ, ಬಾರ್ ಒಂದೊಂದನ್ನೂ ಬಿಚ್ಚಿ ಹಾಕಬೇಕು, ತೆವಳುವಾಗ ಸಿಕ್ಕಲ್ಲೆಲ್ಲ ಸಿಕ್ಕಿಕೊಳ್ಳುತ್ತದೆ. ಹಗ್ಗವನ್ನು ಬಾರ್‌ಗಳ ತಪ್ಪು ಬದಿಗೆ ಹಾಕಿದರೆ ತೂಕ ಬಿದ್ದೊಡನೆ ಎಲ್ಲ ಬಾರ್‌ಗಳೂ ತೆರೆದುಕೊಂಡು ಮನುಷ್ಯ ನೇರ ಕೆಳಗೆ. ಚಿಕ್ಕ ರ‍್ಯಾಕ್‌ಗಳೂ ಇವೆ, ಅವು ಎರಡರ ನಡುವಿನ ರಾಜಿ. ನನ್ನ ಪ್ರಕಾರ ಅವು ಎರಡೂ ಕಡೆ ಅರ್ಧಂಬರ್ಧ.

ಅಂದಾಜಿಗೆ ಒಂದು ಗೆರೆ ಎಳೆಯುವುದಾದರೆ, ನೂರು ಮೀಟರಿನೊಳಗಿನ ಜಿಗಿತಗಳಿಗೆ, ರಿಬಿಲೇ ಇರುವ ಎಲ್ಲ ಗುಹೆಗಳಿಗೆ ಬಾಬಿನ್. ಅದನ್ನು ಮೀರಿದ, ಅಡೆತಡೆಯಿಲ್ಲದ ಒಂದೇ ಎಳೆಯ ಜಿಗಿತಗಳಿಗೆ ರ‍್ಯಾಕ್. ಸ್ಲೊವೇನಿಯಾದ ವ್ರ್ತೊಗ್ಲಾವಿತ್ಸಾದಲ್ಲಿ 603 ಮೀಟರಿನ ಒಂದೇ ಜಿಗಿತವಿದೆ. ಅಲ್ಲೂ ರಿಬಿಲೇ ಹಾಕಿ ತುಂಡು ಮಾಡಿದರೆ ಬಾಬಿನ್ ನಡೆಯುತ್ತದೆ. ಆಳವನ್ನಷ್ಟೇ ಕೇಳಿ ಸಾಧನ ಆರಿಸಬಾರದು ಎನ್ನುವುದು ಇದಕ್ಕೇ.

ಹತ್ತುವ ವಿಧಾನ

ಇಳಿದದ್ದನ್ನೆಲ್ಲ ಹತ್ತಬೇಕು, ಅದೂ ದಣಿದ ಮೈಯಲ್ಲಿ. ಹಿಂದೆ ಇದಕ್ಕೆ ತಂತಿಯ ಏಣಿಗಳಿದ್ದವು, ತಂತಿ ಸುತ್ತಿ ಮನುಷ್ಯನನ್ನು ಮೇಲೆಳೆಯುವ ವಿಂಚ್‌ಗಳಿದ್ದವು. 1952ರಲ್ಲಿ ಪಿರನೀಸ್ ಪರ್ವತದ ಪಿಯೆರ್ ಸೇಂಟ್ ಮಾರ್ಟಿನ್ ಗುಹೆಯಿಂದ ವಿಂಚ್ ಮೂಲಕ ಮೇಲೆ ಬರುತ್ತಿದ್ದ ಮಾರ್ಸೆಲ್ ಲೂಬೆನ್ಸ್, ತಂತಿಯ ಕ್ಲಾಂಪ್ ಕಳಚಿ ಬಿದ್ದು ತೀರಿಕೊಂಡರು. ತಮ್ಮ ತಮ್ಮ ಕಾಲ ಮೇಲೆ ತಾವೇ ಹಗ್ಗ ಹತ್ತುವ ಪದ್ಧತಿ ಆಮೇಲಿನ ದಶಕಗಳಲ್ಲಿ ಏಣಿ, ವಿಂಚ್ ಎರಡನ್ನೂ ಮೂಲೆಗೆ ತಳ್ಳಿತು.

ಹತ್ತುವುದು ಅಸೆಂಡರ್‌ಗಳಿಂದ: ಹಗ್ಗದ ಮೇಲಕ್ಕೆ ಸರಿಯುವ, ತೂಕ ಬಿದ್ದಾಗ ಹಗ್ಗ ಕಚ್ಚಿ ನಿಲ್ಲುವ ಸಾಧನಗಳು ಅವು. ಫ್ರಾಗ್ ವಿಧಾನದಲ್ಲಿ ಎದೆಯ ಬಳಿ ಒಂದು ಅಸೆಂಡರ್, ಕೈಯಲ್ಲಿ ಇನ್ನೊಂದು, ಅದಕ್ಕೆ ಕಾಲಿನ ಕುಣಿಕೆ. ಕೂತು ಕಾಲು ಮಡಚಿ ಕೈಯ ಅಸೆಂಡರನ್ನು ಮೇಲೆ ಸರಿಸು, ಎದ್ದು ನಿಲ್ಲು, ಎದೆಯದು ತಾನೇ ಮೇಲೆ ಬರುತ್ತದೆ. ಮತ್ತೆ ಕೂರು. ಒಂದು ಸಲಕ್ಕೆ ಸಿಗುವ ಎತ್ತರ ಒಂದೆರಡು ಗೇಣು. ಸಾಮಾನು ಕಡಿಮೆ, ಹೊರೆ ಕಡಿಮೆ, ರಿಬಿಲೇ ದಾಟುವುದು ಸುಲಭ, ಹತ್ತುತ್ತಿದ್ದವರು ಮನಸ್ಸು ಬದಲಿಸಿ ಇಳಿಯಲು ತೊಡಗುವುದೂ ಸುಲಭ. ಈ ಕೊನೆಯದು ಸಣ್ಣ ಸಂಗತಿಯಲ್ಲ. ಮೇಲಿನಿಂದ ನೀರು ನುಗ್ಗಿದಾಗ, ಹಗ್ಗ ಹರಿದದ್ದು ಕಂಡಾಗ ಬೇಕಾಗುವುದು ಇದೇ.

ಆದರೆ ಇನ್ನೂರು ಮೀಟರಿನ ಒಂದೇ ಎಳೆಯಲ್ಲಿ ಫ್ರಾಗ್ ಮಾಡುವುದೆಂದರೆ ನೂರಾರು ಬಸ್ಕಿ ಹೊಡೆದಂತೆ. ಅಲ್ಲಿ ರೋಪ್‌ವಾಕರ್ ಗೆಲ್ಲುತ್ತದೆ. ಒಂದು ಪಾದಕ್ಕೆ ಅಸೆಂಡರ್, ಇನ್ನೊಂದು ಕಾಲಿನ ಮೊಣಕಾಲ ಬಳಿ ರಬ್ಬರ್ ಎಳೆಯಿಂದ ತಾನೇ ಮೇಲೆ ಬರುವ ಅಸೆಂಡರ್, ಎದೆಯನ್ನು ಹಗ್ಗಕ್ಕೆ ಹತ್ತಿರ ಹಿಡಿಯುವ ರೋಲರ್. ಮೆಟ್ಟಿಲು ಹತ್ತುವ ಹಾಗೆ ಎಡ ಬಲ ಎಡ ಬಲ, ಕೂರುವ ಮಾತೇ ಇಲ್ಲ. ಹದವಾಗಿ ಹೊಂದಿಸಿಕೊಂಡವರು ಫ್ರಾಗಿನವರಿಗಿಂತ ಬಹಳ ಮುಂದೆ ಹೋಗಿರುತ್ತಾರೆ. ಹೊಂದಿಸಿಕೊಳ್ಳುವುದೇ ಕಷ್ಟ: ಪ್ರತಿ ಪಟ್ಟಿಯೂ ನಿಮ್ಮ ಮೈಯಳತೆಗೆ ಸರಿಬೀಳಬೇಕು. ಬಂಡೆಯ ಅಂಚಿನಲ್ಲಿ ಹಗ್ಗ ಕಲ್ಲಿಗೆ ಅಂಟಿಕೊಂಡಾಗ ಪೇಚಾಟ, ರಿಬಿಲೇಯಲ್ಲಿ ಮೂರು ಕಡೆ ಬಿಚ್ಚಿ ಮೂರು ಕಡೆ ಹಾಕುವ ಪೇಚಾಟ. ಎದೆಯ ರೋಲರ್ ಕಳಚಿದರೆ ತಲೆಕೆಳಗಾಗುವ ಭಯ ಇರುವುದರಿಂದ ಹಾರ್ನೆಸ್ಸಿಗೆ ಕಟ್ಟಿದ ಮತ್ತೊಂದು ಅಸೆಂಡರ್ ಹಗ್ಗದ ಮೇಲೆ ಇರಲೇಬೇಕು. ಬೆಲೆಯೂ ಜಾಸ್ತಿ.

ಎರಡರ ನಡುವೆ ಮಿಚೆಲ್ ವಿಧಾನವಿದೆ, ಎರಡು ಕೈ ಅಸೆಂಡರ್‌ಗಳ ಟೆಕ್ಸಸ್ ವಿಧಾನವೂ ಇದೆ. ಹೊಸದಾಗಿ ಶುರು ಮಾಡುವವರು ಅವುಗಳ ಬೆನ್ನು ಹತ್ತಬೇಕಿಲ್ಲ. ಅದಕ್ಕಿಂತ ಒಳ್ಳೆಯ ರಾಜಿ, ಫ್ರಾಗಿಗೆ ಒಂದು ಪಾದದ ಅಸೆಂಡರ್ ಸೇರಿಸುವುದು. ಎದೆಯಿಂದ ಪಾದದವರೆಗಿನ ಹಗ್ಗವನ್ನು ಅದು ಎಳೆದು ಹಿಡಿಯುವುದರಿಂದ ಎದೆಯ ಅಸೆಂಡರ್ ಸರಾಗ ಓಡುತ್ತದೆ. ಕೆಳಗಿನ ಹಗ್ಗಕ್ಕೆ ತೂಕವೇ ಇಲ್ಲದ ಮೊದಲ ಕೆಲವು ಮೀಟರಿನಲ್ಲಿ ಈ ಸಹಾಯ ದೊಡ್ಡದು. ಒಂದೇ ಎಚ್ಚರ, ಪಾದದ ಅಸೆಂಡರನ್ನು ಜೀವರಕ್ಷೆಯ ಕೊಂಡಿಯೆಂದು ಲೆಕ್ಕ ಹಿಡಿಯಬಾರದು. ಒದ್ದರೆ ಕಳಚುವ ಸಾಧನ ಅದು.

ಹಗ್ಗ

ತಂಡದ ಹಗ್ಗವನ್ನು ಸಾಮಾನ್ಯವಾಗಿ ಒಬ್ಬರೇ ಕೊಳ್ಳುವುದಿಲ್ಲ, ಆದರೂ ಆಯ್ಕೆ ತಿಳಿದಿರಬೇಕು. ಬೇಕಾದದ್ದು ಕಡಿಮೆ ಹಿಗ್ಗುವ ಸೆಮಿ ಸ್ಟ್ಯಾಟಿಕ್ ನೈಲಾನ್ ಹಗ್ಗ. ಯುರೋಪಿನ ಇಎನ್ 1891 ಮಾನದಂಡ ಇದನ್ನು ಎ, ಬಿ ಎಂದು ವಿಂಗಡಿಸುತ್ತದೆ: ಎ ಮಾದರಿ ಕನಿಷ್ಠ 22 ಕಿಲೋನ್ಯೂಟನ್, ಬಿ ಮಾದರಿ ಕನಿಷ್ಠ 18 ಕಿಲೋನ್ಯೂಟನ್ ತಡೆಯಬೇಕು. ಸಂಖ್ಯೆ ನೋಡಿದರೆ ಎರಡೂ ಒಬ್ಬ ಮನುಷ್ಯನ ತೂಕಕ್ಕೆ ಎಷ್ಟೋ ಪಟ್ಟು. ಹಗ್ಗ ಗುಹೆಯಲ್ಲಿ ಸೋಲುವುದು ತೂಕಕ್ಕಲ್ಲ, ಉಜ್ಜಿಗೆ. ಹಾಗಾಗಿ ದಪ್ಪದ ಆಯ್ಕೆ ಕಟ್ಟುವವರ ಕೌಶಲ್ಯಕ್ಕೆ ತಕ್ಕಂತಿರಬೇಕು.

ಸಾವಿರ ಮೀಟರ್ 9 ಮಿ.ಮೀ. ಹಗ್ಗ ಸುಮಾರು 50 ಕಿಲೋ, 11 ಮಿ.ಮೀ. ಆದರೆ 75 ಕಿಲೋ ದಾಟುತ್ತದೆ. ಒದ್ದೆಯಾದರೆ ಇನ್ನೂ ಹೆಚ್ಚು. ಅನುಭವಿಗಳು ಕಟ್ಟಿಕೊಡುವ ರಿಬಿಲೇ ಗುಹೆಗೆ 9 ಮಿ.ಮೀ. ಸಾಕು. ಕಲಿಯುವವರ ತಂಡಕ್ಕೆ, ಅನೇಕರು ಮತ್ತೆ ಮತ್ತೆ ಏರಿಳಿಯುವ ಕಡೆಗೆ 10 ಅಥವಾ 10.5 ಮಿ.ಮೀ. ಒಳ್ಳೆಯದು. 8 ಮಿ.ಮೀ. ಆಳದ ಶೋಧಯಾತ್ರೆಯ ತಜ್ಞರಿಗೇ ಇರಲಿ. ಸಾಧನ ಯಾವ ಯಾವ ದಪ್ಪಕ್ಕೆ ಹೊಂದುತ್ತದೆಂದು ಅದರ ಮೇಲೆಯೇ ಕೊರೆದಿರುತ್ತದೆ, ಕೊಳ್ಳುವ ಮುನ್ನ ನೋಡಿ.

ಹೊಸ ನೈಲಾನ್ ಹಗ್ಗವನ್ನು ನೆನೆಸಿ ಒಣಗಿಸಿ ಆಮೇಲೆ ಅಳೆಯಬೇಕು, ಮೊದಲ ನೀರಿಗೇ ಕುಗ್ಗುತ್ತದೆ. ಅಂಗಡಿಯ ಅಳತೆ ನಂಬಿ ಹೋದವರಿಗೆ ತಳ ಸಿಗುವ ಮೊದಲೇ ಹಗ್ಗ ಮುಗಿದೀತು. ತುದಿಯಲ್ಲಿ ಗಂಟು ಹಾಕುವ ನಿಯಮ ಇರುವುದು ಅದಕ್ಕೇ, ಅದಕ್ಕೆ ವಿನಾಯಿತಿಯಿಲ್ಲ. ಹಿಗ್ಗುವುದೂ ನೆನಪಿರಲಿ: ಶೇಕಡಾ 3ರಷ್ಟು ಹಿಗ್ಗಿದರೂ 300 ಮೀಟರಿನ ಹಗ್ಗದಲ್ಲಿ 9 ಮೀಟರ್. ತಳದಿಂದ ಹೊರಟವರು ಅಷ್ಟು ಹಗ್ಗ ಎಳೆದುಕೊಂಡ ಮೇಲೂ ನೆಲದಲ್ಲೇ ನಿಂತಿರುತ್ತಾರೆ.

ಯಾರಿಗೆ ಯಾವುದು

ಬಜೆಟ್ ಬಿಗಿಯಾಗಿದ್ದರೆ ಮೊದಲು ಗುಹೆಗೆಂದೇ ಮಾಡಿದ ಹಾರ್ನೆಸ್ ಕೊಳ್ಳಿ. ಬಂಡೆ ಹತ್ತುವವರ ಹಾರ್ನೆಸ್ಸಿನಲ್ಲಿ ಕೊಂಡಿಯ ಜಾಗ ಮೇಲಿರುತ್ತದೆ. ಫ್ರಾಗಿನ ಪ್ರತಿ ಎದ್ದು ಕೂರುವಿಕೆಯಲ್ಲೂ ಒಂದಷ್ಟು ಎತ್ತರ ನಷ್ಟ. ಗುಹೆಯ ಹಾರ್ನೆಸ್ಸಿನ ಕೊಂಡಿ ತಗ್ಗಿನಲ್ಲಿರುತ್ತದೆ, ಬಟ್ಟೆ ಕೆಸರು ಕಲ್ಲಿಗೆ ತಡೆಯುತ್ತದೆ. ಕೌಸ್‌ಟೇಲ್ ಡೈನಾಮಿಕ್, ಅಂದರೆ ಹಿಗ್ಗಿ ಪೆಟ್ಟು ತಗ್ಗಿಸುವ, ಹಗ್ಗದಲ್ಲೇ ಇರಲಿ. ಹಿಗ್ಗದ ಡೈನೀಮಾ ಪಟ್ಟಿ ಸಣ್ಣ ಬೀಳಿನಲ್ಲೂ ಬೋಲ್ಟಿಗೆ ಮತ್ತು ನಿಮ್ಮ ಸೊಂಟಕ್ಕೆ ಜೋರು ಪೆಟ್ಟು ಕೊಡುತ್ತದೆ. ಕೌಸ್‌ಟೇಲಿನ ಹಗ್ಗ ಇಡೀ ಸಾಮಾನಿನಲ್ಲೇ ಅಗ್ಗದ ವಸ್ತು, ಆಗಾಗ ಬದಲಿಸಲು ಜಿಪುಣತನ ಬೇಡ. ಲೋಹದ ಸಾಧನವನ್ನು ನಂಬಿಕಸ್ಥರಿಂದ, ಅದರ ಚರಿತ್ರೆ ಗೊತ್ತಿದ್ದರೆ, ಬಳಸಿದ್ದೇ ಕೊಳ್ಳಬಹುದು. ಅಸೆಂಡರಿನ ಹಲ್ಲು, ಬಾಬಿನ್ನಿನ ಗಾಲಿ ನೋಡಿ. ಹಾರ್ನೆಸ್, ಹಗ್ಗ ಯಾವತ್ತೂ ಬಳಸಿದ್ದು ಬೇಡ.

ವರ್ಷಕ್ಕೊಮ್ಮೆಯೋ ಎರಡು ಸಲವೋ ತಂಡದ ಜೊತೆ ಹೋಗುವವರು ಏನನ್ನೂ ಕೊಳ್ಳದೆ ತಂಡದ ಸಾಮಾನು ಬಳಸುವುದೇ ಜಾಣತನ. ಹಾರ್ನೆಸ್ ಮಾತ್ರ ನಿಮ್ಮ ಮೈಗೆ ಹೊಂದಬೇಕು. ನಿಯಮಿತವಾಗಿ ರಿಬಿಲೇ ಗುಹೆಗಳಿಗೆ ಹೋಗುವವರಿಗೆ ಫ್ರಾಗ್, ತಾನಾಗಿ ನಿಲ್ಲುವ ಬಾಬಿನ್, ಪಾದದ ಅಸೆಂಡರ್. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ದೊಡ್ಡ ನೇರ ಜಿಗಿತಗಳೇ ನಿಮ್ಮ ಮೋಹವಾಗಿದ್ದರೆ ರ‍್ಯಾಕ್ ಮತ್ತು ರೋಪ್‌ವಾಕರ್. ಎರಡೂ ಬಗೆಯ ಗುಹೆಗಳಿಗೆ ಹೋಗುವಾಸೆಯಿದ್ದರೆ ಮೊದಲು ಫ್ರಾಗ್ ಕಲಿಯಿರಿ. ಫ್ರಾಗ್ ಬಲ್ಲವರು ಉದ್ದನೆಯ ಜಿಗಿತವನ್ನು ನಿಧಾನಕ್ಕಾದರೂ ಹತ್ತಿಯಾರು. ರೋಪ್‌ವಾಕರ್ ಮಾತ್ರ ಬಲ್ಲವರು ಬಿಗಿ ರಿಬಿಲೇಯಲ್ಲಿ ಸಿಕ್ಕಿಕೊಂಡು ನಿಂತಾರು. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವುದು ಬಹಳ ಬೇಗ ಪ್ರಾಣಕ್ಕೆ ಬರುತ್ತದೆ. ಮೈಮೇಲೆ ಗಾಯವೇ ಇಲ್ಲದಿದ್ದರೂ ಸರಿ.

ಇನ್ನೂ ತೀರ್ಮಾನವಾಗದಿದ್ದರೆ ಎರಡೂ ಬಗೆಯದನ್ನು ಎರವಲು ಪಡೆದು, ಗುಹೆಯ ಹೊರಗೆ ಎತ್ತರದ ಮರಕ್ಕೋ ಗೋಡೆಗೋ ಹಗ್ಗ ಕಟ್ಟಿಸಿಕೊಂಡು ಪರೀಕ್ಷಿಸಿ. ಹತ್ತುವುದು ಇಳಿಯುವುದಷ್ಟೇ ಸಾಲದು. ಅರ್ಧದಲ್ಲಿ ನಿಂತು ಹತ್ತುವಿಕೆಯಿಂದ ಇಳಿತಕ್ಕೆ ಬದಲಾಯಿಸಿ, ರಿಬಿಲೇಯನ್ನು ಎರಡೂ ದಿಕ್ಕಿನಲ್ಲಿ ದಾಟಿ, ಹಗ್ಗದ ನಡುವಿನ ಗಂಟು ದಾಟಿ. ಇದನ್ನೆಲ್ಲ ಕೈಗವಸು ಹಾಕಿಕೊಂಡು, ತಲೆದೀಪದ ಬೆಳಕಿನಲ್ಲಿ ಮಾಡಿ. ಒಂದರಲ್ಲಿ ಕೈ ತಡವರಿಸುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎರಡೂ ಸಮವೆನಿಸಿದರೆ ನಿಮ್ಮ ಜೊತೆಗಾರರ ಬಳಿ ಇರುವುದನ್ನೇ ಕೊಳ್ಳಿ.